ಡಿಸ್ಕು ಕಾಣದ ಸರ್ವರಿನ ಮೇಲೆ ಚೆಲುವರಾಜನ ದಂಡಯಾತ್ರೆ

ಎಲೈ ವಿದ್ಯುದ್ದೇವಿಯೇ, ಟ್ರಾನ್ಸ್‌ಫಾರ್ಮರ್‌ಗರ್ಭಸಂಭೂತೆಯೇ, ಹೇಳದೆ ಬರುವವಳೇ, ಹೇಳದೆಯೇ ಹೋಗುವವಳೇ, ಈ ಕಥೆ ಮುಗಿಯುವವರೆಗಾದರೂ ಒಂದು ಕಡೆ ನಿಲ್ಲು ತಾಯಿ. ಯುಪಿಎಸ್ಸಿನ ಬ್ಯಾಟರಿ ಸತ್ತು ಬಹಳ ಕಾಲವಾಯಿತು. ನಿನ್ನ ಕೃಪೆ ಬಿಟ್ಟರೆ ಬೇರೆ ಗತಿಯಿಲ್ಲ. ಹಾಡಹೊರಟಿರುವುದು ಸಾಮಾನ್ಯ ಕಾಲವನ್ನಲ್ಲ. ಅದು ಕೃತವಲ್ಲ, ತ್ರೇತೆಯಲ್ಲ, ದ್ವಾಪರವಲ್ಲ. ಡಿಗ್ರಿಯಿದ್ದವನಿಗೆ ಕೆಲಸ ಬಾರದ, ಕೆಲಸ ಬರುವವನಿಗೆ ಡಿಗ್ರಿಯಿಲ್ಲದ, ಎರಡೂ ಇಲ್ಲದವನು ಊರ ತುಂಬ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತಿರುವ ಮಹಾಯುಗವದು.

ಅಂಥ ಯುಗದಲ್ಲಿ, ಪಾಂಡವರು ಒಮ್ಮೆ ಬಂದು ಹೋದರೆಂಬ ಒಂದೇ ಬಂಡವಾಳದ ಮೇಲೆ ಹೆಸರು ಉಳಿಸಿಕೊಂಡಿರುವ ಪಾಂಡವಪುರದಲ್ಲಿ, ಕಂಬಾರೋಹಣಧುರಂಧರನೂ, ಕಟಿಂಗ್‌ಪ್ಲೇಯರಾಯುಧಪಾಣಿಯೂ, ಏಣಿಯೆಂದರೆ ಹೇಡಿಗಳ ಆಸರೆಯೆಂದು ಬಗೆದವನೂ, ಒಂಬತ್ತನೇ ತರಗತಿಯಲ್ಲಿ ಗಣಿತದ ಮೇಷ್ಟ್ರ ಬೆತ್ತವನ್ನು ಅವರೆದುರಿಗೇ ಮುರಿದು ಶಾಲೆಯಿಂದ ಸ್ವಯಂನಿವೃತ್ತಿ ಪಡೆದವನೂ, ಕೋಪವನ್ನು ಮೂಗಿನ ತುದಿಯಲ್ಲೇ ಮನೆಮಾಡಿಸಿಕೊಟ್ಟು ಸಾಕಿದವನೂ ಆದ ಚೆಲುವರಾಜನೆಂಬ ವೀರನಿದ್ದನು. ಆತನು ದೇವೀರಮ್ಮನ ಕೇಬಲ್ ಆಫೀಸಿನ ಸೇನಾಪತಿ. ಸೈನ್ಯವೂ ಅವನೇ. ಮಳೆಯೆನ್ನದೆ ಬಿಸಿಲೆನ್ನದೆ ಕಂಬ ಹತ್ತಿ, ತಂತಿ ಎಳೆದು, ಕರೆಂಟು ಹೊಡೆಸಿಕೊಂಡು, ಕೋತಿಗಳೊಡನೆ ಗಡಿವಿವಾದ ನಡೆಸಿ ಸವೆದ ಆ ಭುಜಗಳಿಗೆ ಈ ಭೂಮಂಡಲದಲ್ಲಿ ಒಂದೇ ಒಂದು ಆಸೆಯಿತ್ತು.

ಆ ಆಸೆಯ ಹೆಸರು ಕುರ್ಚಿ.

ಆಫೀಸಿನ ಹಿಂಬದಿಯ ಎಸಿ ರೂಮಿನಲ್ಲಿ, ಕಪ್ಪು ರೆಕ್ಸಿನ್‌ಚರ್ಮಾಂಬರೆಯಾಗಿ, ಪಂಚಚಕ್ರಪಾದೆಯಾಗಿ, ಕೂತವನನ್ನು ಸುತ್ತಲೂ ತಿರುಗಿಸಬಲ್ಲ ಸಿಂಹಾಸನವೊಂದು ಖಾಲಿ ಬಿದ್ದಿತ್ತು. ಅದರ ಮೇಲೆ ಕೂರುವವನು ಕಂಬ ಹತ್ತಬೇಕಿಲ್ಲ. ಅಷ್ಟೇ. ಮೋಕ್ಷವೆಂದರೆ ಇನ್ನೇನು?

ವಿಜಯದಶಮಿಯ ಬೆಳಿಗ್ಗೆ ದೇವೀರಮ್ಮ, ಕೇಬಲ್‌ಸಾಮ್ರಾಜ್ಯದ ಏಕೈಕ ಚಕ್ರವರ್ತಿನಿ, ಕುಂಕುಮವನ್ನು ಹಣೆಗೂ ಆಜ್ಞೆಯನ್ನು ನಾಲಿಗೆಗೂ ಧರಿಸಿ, ಆ ರೂಮಿನ ಬಾಗಿಲಲ್ಲಿ ನಿಂತಳು. ಎದುರಿಗೆ ಮೇಜಿನ ಮೇಲೆ ಮಲಗಿತ್ತು ಶತ್ರು: ಬೆಂಗಳೂರಿನ ಯಾವುದೋ ಕಂಪನಿ ಇನ್ನು ಸಾಕೆಂದು ಹೊರಗೆ ಹಾಕಿದ, ಶವಪೆಟ್ಟಿಗೆಯಷ್ಟು ಉದ್ದದ, ಹಳೆಯ ಸರ್ವರ್. ಹಿಂದಿನ ದಿನವಷ್ಟೇ ಆಯುಧಪೂಜೆ ಮಾಡಿಸಿಕೊಂಡು ಅದು ನೆತ್ತಿಗೆ ವಿಭೂತಿ ಬಳಿದುಕೊಂಡು, ಮುಖ ಮುಚ್ಚುವಂತೆ ತೋಳುದಪ್ಪದ ಸೇವಂತಿಗೆ ಹಾರ ಹೊದ್ದು, ಮದುವೆ ಮನೆಯ ಯಜಮಾನನಂತೆ ಮೆರೆಯುತ್ತಿತ್ತು.

“ನೋಡ್ರಪ್ಪಾ, ಸಂಜೆ ಆರತಿ ಹೊತ್ಗೆ ನಮ್ ಚಾನೆಲ್ಲು ಈ ಮಿಷಿನ್ನಿಂದ್ಲೇ ಓಡ್ಬೇಕು. ಯಾರು ಓಡಿಸ್ತೀರೋ ಅವ್ರಿಗೆ ಆ ಕುರ್ಚಿ. ಸರ್ವರ್ ಇನ್‌ಚಾರ್ಜು ಅಂತ ಬೋರ್ಡೂ ಬರಸ್ತೀನಿ. ಇನ್ನೊಬ್ಬ ಕಂಬ ನೋಡ್ಕೊಳ್ಳಿ. ಆಮೇಲೆ, ಆ ಹೂವ ನಾಳೆ ಗಂಟ ಮುಟ್ಟಂಗಿಲ್ಲ. ಮುಟ್ಟುದ್ರೆ ಕೈ ಮುರಿತೀನಿ” ಎಂದು ಘೋಷಿಸಿ, ಒಬ್ಬಟ್ಟಿನ ಹೂರಣ ತಳ ಹಿಡಿಯುವುದೆಂದು ಮನೆಗೆ ನಡೆದಳು.

ಆ ‘ಇನ್ನೊಬ್ಬ’ನೇ ಪ್ರತಿನಾಯಕ. ದೇವೀರಮ್ಮನ ಅಣ್ಣನ ಮಗ, ನಿಶ್ಚಿತ್ ಗೌಡ, ಬಿ.ಇ. ಲ್ಯಾಪ್‌ಟಾಪಾಲಂಕೃತಸ್ಕಂಧ, ಆನ್‌ಲೈನ್‌ಸರ್ಟಿಫಿಕೇಟ್‌ಮಾಲಾಧರ, ಚಾರ್ಜರನ್ನು ಮನೆಯಲ್ಲೇ ಮರೆತುಬರುವ ಮಹಾಮೇಧಾವಿ. ಬಂದ ಹೊಸದರಲ್ಲೇ ಕುರ್ಚಿಯ ಬೆನ್ನಿಗೆ ತನ್ನ ಬ್ಯಾಗು ನೇತುಹಾಕಿದ್ದನು. ಆ ಬ್ಯಾಗನ್ನು ಕಂಡಾಗಲೆಲ್ಲ ಚೆಲುವರಾಜನ ಹಲ್ಲುಗಳು ತಮ್ಮತಮ್ಮಲ್ಲೇ ಕಡಿದಾಡುತ್ತಿದ್ದವು.

“ಚಲ್ವಣ್ಣ, ನೀನು ಸುಮ್ನೆ ಕೂತ್ಕೊ,” ಎಂದನು ನಿಶ್ಚಿತ್, ಅಭಯಹಸ್ತ ತೋರುವವನಂತೆ. “ನಾನು ಕ್ಲೌಡಲ್ಲೇ ಸರ್ವರ್ ಎಬ್ಬಿಸಿರೋನು. ಈ ಡಬ್ಬ ಯಾವ ಲೆಕ್ಕ? ಕಾಫಿ ಕುಡಿಯೋದ್ರೊಳಗೆ ಮುಗಿಯುತ್ತೆ.”

ಇದಕ್ಕೆ ಚೆಲುವರಾಜನು ಕೊಟ್ಟ ಉತ್ತರವನ್ನು ಕವಿಸಮಯಕ್ಕೆ ತಕ್ಕಂತೆ ಹೇಳುವುದಾದರೆ ಹೀಗೆ: “ಎಲವೋ ಮೇಘಮಂಡಲವಿಹಾರೀ, ಮೋಡದಲ್ಲಿ ಯುದ್ಧ ಮಾಡಿದವನು ನೀನು, ಮೋಡಕ್ಕೆ ತಲೆ ತಾಗಿಸಿ ತಂತಿ ಕಟ್ಟಿದವನು ನಾನು, ನನ್ನ ಭುಜಬಲವನ್ನು ಕಂಡ ಮೇಲೆ ನಿನ್ನ ಪದವಿಯ ಪತ್ರಗಳು ಉದುರಲಿ.” ಆದರೆ ಅವನ ಬಾಯಿಂದ ನಿಜವಾಗಿ ಹೊರಟದ್ದು ಇಷ್ಟೇ: “ಮುಚ್ಕೊಂಡ್ ಪೆನ್‌ಡ್ರೈವ್ ಹಾಕ್ಲಾ.”

ಪೆನ್‌ಡ್ರೈವಿನೊಳಗಿತ್ತು ಸತ್ತ ಸರ್ವರಿಗೂ ಜೀವ ತುಂಬುವ ತಂತ್ರಾಂಶ, ಲಿನಕ್ಸೆಂಬ ದಿವ್ಯಾಸ್ತ್ರ. ಅದಕ್ಕೆ ಬೆಲೆಯಿಲ್ಲ, ಪುಕ್ಕಟೆ. ಆದ್ದರಿಂದಲೇ ದೇವೀರಮ್ಮನಿಗೆ ಅದರ ಮೇಲೆ ಅಪಾರ ಭಕ್ತಿ. ಬಟನ್ನು ಒತ್ತಿದೊಡನೆ ಸರ್ವರಿನ ಫ್ಯಾನುಗಳು ಏಕಕಾಲಕ್ಕೆ ಭೋರ್ಗರೆದವು. ಹಾರದ ಹೂಗಳು ನಡುಗಿದವು. ನಿಶ್ಚಿತನ ಕೂದಲು ಹಾರಿತು. ಬಹಳ ಹೊತ್ತು ಏನೇನೋ ಅಕ್ಷರಗಳು ಓಡಿ, ಕೊನೆಗೆ ತೆರೆಯ ಮೇಲೆ ಒಂದೇ ಸಾಲು ನಿಂತಿತು: ಡಿಸ್ಕು ಒಂದೂ ಕಾಣುತ್ತಿಲ್ಲ.

ಡಿಸ್ಕೆಂದರೆ ಸರ್ವರಿನ ಹೊಟ್ಟೆ. ಏನು ಹಾಕಿದರೂ ಅಲ್ಲೇ ಹೋಗಿ ಕೂರಬೇಕು. ಹೊಟ್ಟೆಯೇ ಇಲ್ಲವೆಂದು ಕೈಯೆತ್ತಿದವನಿಗೆ ಎಲೆ ಹಾಕಿ ಬಡಿಸುವುದೆಲ್ಲಿಗೆ?

“ಡ್ರೈವರ್ ಇಶ್ಯೂ,” ಎಂದನು ನಿಶ್ಚಿತ್ ಫೋನಿನಿಂದ ತಲೆಯೆತ್ತದೆ. “ಡಿಸ್ಕ್ ನೋಡ್ಕೊಳ್ಳೋ ಕಾರ್ಡು ಹಳೇದು. ಹೊಸ ಲಿನಕ್ಸಲ್ಲಿ ಅಷ್ಟು ಹಳೇ ಕಾರ್ಡಿನ ಡ್ರೈವರ್ ತೆಗೆದಾಕಿರ್ತಾರೆ. ಹಳೇ ವರ್ಷನ್ ಹಾಕ್ಬೇಕು.”

ಮಾತು ಕೇಳಲು ಸೊಗಸಾಗಿತ್ತು. ಹಳೆಯ ಲಿನಕ್ಸನ್ನು ಇಂಟರ್‌ನೆಟ್ಟಿನಿಂದ ಇಳಿಸಲು ತೊಡಗಿದರು. ಊರಿಗೆಲ್ಲ ಇಂಟರ್‌ನೆಟ್ಟು ಮಾರುವ ಆ ಆಫೀಸಿನಲ್ಲೇ ಅದು ಮಂಡಿಯೂರಿಕೊಂಡು ತೆವಳಿ ಬಂತು. ಮತ್ತೆ ಫ್ಯಾನುಗಳ ಭೋರ್ಗರೆತ, ಮತ್ತೆ ಅಕ್ಷರಗಳ ಓಟ, ಮತ್ತೆ ಅದೇ ಸಾಲು. ಹಳಬನೂ ಹಳಬನನ್ನು ಗುರುತಿಸಲಿಲ್ಲ.

“ನಿನ್ ಕಾಫಿ ಆರೋಯ್ತು ಕಣಪ್ಪ ಇಂಜಿನಿಯರು,” ಎಂದು ಚೆಲುವರಾಜನು ಅವನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ರಣಾಂಗಣಕ್ಕೆ ಧುಮುಕಿದನು. ಧುಮುಕಿದ್ದು ಬಯೋಸೆಂಬ ನೀಲವರ್ಣದ ಪಾತಾಳಕ್ಕೆ, ಎಲ್ಲಿ ಸರ್ವರಿನ ಹುಟ್ಟುಗುಣಗಳೆಲ್ಲ ಸಾಲಾಗಿ ಬರೆದಿರುತ್ತವೆಯೋ ಅಲ್ಲಿಗೆ. ಅಲ್ಲಿ ಅವನು ಬದಲಿಸಬೇಕಾದುದನ್ನು ಬದಲಿಸಿದನು, ಬದಲಿಸಬಾರದ್ದನ್ನೂ ಬದಲಿಸಿದನು, ಅರ್ಥವಾಗದ್ದನ್ನು ಎರಡೆರಡು ಸಲ ಬದಲಿಸಿದನು. ಮರಳಿ ಎದ್ದ ಸರ್ವರಿಗೆ ಈಗ ಡಿಸ್ಕಷ್ಟೇ ಅಲ್ಲ, ಪೆನ್‌ಡ್ರೈವೂ ಕಾಣದಾಯಿತು.

“ಸೂಪರ್ ಚಲ್ವಣ್ಣ,” ಎಂದು ನಿಶ್ಚಿತ್ ಚಪ್ಪಾಳೆ ತಟ್ಟಿದನು. “ಒಂದು ಕಣ್ಣು ಹೋಗಿತ್ತು, ಇನ್ನೊಂದೂ ಕಿತ್ತೆ.”

ಚೆಲುವರಾಜನ ಕಿವಿ ಕೆಂಪಾಯಿತು. ಆದರೂ ವೀರನು ಹಿಂದೆಗೆಯಲಿಲ್ಲ. ಪಾತಾಳವನ್ನು ಮೊದಲಿನಂತೆ ಮಾಡಿ, ಬೆನ್ನಿನ ಕಡೆಯ ಮುಚ್ಚಳ ಬಿಚ್ಚಿ, ಒಳಗಿನ ವೈರುಗಳನ್ನೆಲ್ಲ ಕಿತ್ತು, ಊದಿ, ಬನಿಯನ್ನಿನ ತುದಿಯಿಂದ ಒರೆಸಿ, ಮತ್ತೆ ಸಿಕ್ಕಿಸಿದನು. ಕಾರ್ಡನ್ನು ತೆಗೆದು, ಹಣೆಗೊತ್ತಿಕೊಂಡು, ಮತ್ತೆ ಕೂರಿಸಿದನು. ಹಾರವನ್ನು ಮಾತ್ರ ಮುಟ್ಟಲಿಲ್ಲ. ದೇವೀರಮ್ಮ ಕೈ ಮುರಿಯುವೆನೆಂದರೆ ಅದು ಅಲಂಕಾರವಲ್ಲ, ವಾರ್ತೆ.

ಇನ್ನು ಉಳಿದದ್ದು ಕಾರ್ಡಿನ ಸ್ವಂತ ಗುಹೆ, ಅದರದೇ ಸೆಟ್ಟಿಂಗ್ಸು. ಸರ್ವರ್ ಏಳುವಾಗ ತೆರೆಯ ಮೇಲೆ ಒಂದು ಕ್ಷಣ ಮಿಂಚಿ ಮಾಯವಾಗುವ ಸಾಲೊಂದಿದೆ. ಅಷ್ಟರೊಳಗೆ ಸರಿಯಾದ ಕೀಲಿಗಳನ್ನು ಒತ್ತಿದವನಿಗೆ ಮಾತ್ರ ಬಾಗಿಲು ತೆರೆಯುವುದು. ಮೊದಲ ಸಲ ನಿಶ್ಚಿತ್ ಫೋನಿನಲ್ಲಿ ಮೆಸೇಜು ನೋಡುತ್ತಿದ್ದನು. ಮುಂದಿನ ಸಲ ಚೆಲುವರಾಜನು ಅವನಿಗೆ ಬೈಯುತ್ತಿದ್ದನು. ಕೊನೆಗೆ ಇಬ್ಬರೂ ಒಂದೇ ಕೀಬೋರ್ಡಿನ ಮೇಲೆ ನಾಲ್ಕು ಕೈಯಿಟ್ಟು, ಉಸಿರು ಹಿಡಿದು ಕುಳಿತು, ಒಳನುಗ್ಗಿದರು. ಗುಹೆಯ ಗೋಡೆಯ ಮೇಲೆ ಬರೆದಿತ್ತು: ಸಿಕ್ಕ ಡಿಸ್ಕುಗಳು, ಸೊನ್ನೆ.

“ಮುಗೀತು. ಕಾರ್ಡ್ ಸತ್ತೋಗಿದೆ,” ಎಂದು ನಿಶ್ಚಿತ್ ಆಗಲೇ ಫೋನು ಕಿವಿಗಿಟ್ಟಿದ್ದನು. “ಅತ್ತೆ, ಪ್ರಾಬ್ಲಂ ಕಂಡುಹಿಡಿದೆ. ಹೊಸ ಕಾರ್ಡ್ ತರಿಸ್ಬೇಕು, ಬೆಂಗಳೂರಿಂದ. ಹ್ಞೂಂ ಅತ್ತೆ, ನಾನೇ ಕಂಡುಹಿಡಿದದ್ದು... ಅಲ್ಲ, ಅವನಿಗೆಲ್ಲಿ ಗೊತ್ತಾಗುತ್ತೆ.” ಫೋನಿಟ್ಟು ಚೆಲುವರಾಜನ ಕಡೆ ತಿರುಗಿದನು. “ಬರ್ತಿದ್ದಾರೆ. ಬೇಜಾರ್ ಮಾಡ್ಕೋಬೇಡ ಅಣ್ಣ. ಕಂಬದಲ್ಲಿ ಗಾಳಿ ಚೆನ್ನಾಗಿರುತ್ತೆ.”

ಆಹಾ! ಈಗ ಚೆಲುವರಾಜನ ಹೃದಯದಲ್ಲೆದ್ದ ಬಡಬಾಗ್ನಿಯನ್ನು ಬಣ್ಣಿಸಲು ಯಾವ ನಾಲಿಗೆಗೆ ಸಾಧ್ಯ? ಕುರ್ಚಿಯು ಕಣ್ಣೆದುರಿಗೇ ಚಕ್ರಗಳ ಮೇಲೆ ಉರುಳಿ ದೂರವಾಗುತ್ತಿರುವಂತೆ ಕಂಡಿತು. ಮುಂದಿನ ಮಳೆಗಾಲ ಕಂಡಿತು, ಒದ್ದೆ ಕಂಬ ಕಂಡಿತು, ಪಾಚಿಗೆ ಜಾರುವ ಹೆಬ್ಬೆರಳು ಕಂಡಿತು. ಆತನು ಎದ್ದು, ಲುಂಗಿಯನ್ನು ಎತ್ತಿ ಕಟ್ಟಿ, ಸರ್ವರಿನ ಎದುರು ನಿಂತು ಗರ್ಜಿಸಿದನು:

“ಲೇಯ್ ಲೋಫರ್ ನನ್ಮಗನೆ! ಬೆಂಗ್ಳೂರೋರು ಈಚಿಕೆ ಬಿಸಾಕಿದ್ ನಿನ್ಗೆ ಈ ಊರಲ್ಲಿ ಹೂವ ಹಾಕಿ ಕಾಯಿ ಹೊಡ್ದೋರು ನಾವು! ನನ್ ಜೀವಮಾನ್ದಲ್ಲಿ ನನ್ಗ್ಯಾರೂ ಒಂದ್ ಹಾರ ಹಾಕಿಲ್ಲ ಕಣ್ಲಾ! ತಿಂದಿರೋ ಮರ್ಯಾದೆಗಾದ್ರೂ ಹೊಟ್ಟೆ ತೋರ್ಸೋ!”

ಎಂದು ನುಡಿದು, ಕಂಬ ತಬ್ಬಿ ತಬ್ಬಿ ಕಲ್ಲಾದ ಮುಷ್ಟಿಯನ್ನು ಎತ್ತಿ, ಸೇವಂತಿಗೆ ಹಾರದ ನಟ್ಟನಡುವೆ ವಜ್ರಾಘಾತದಂತೆ ಗುದ್ದಿದನು.

ಕಟಕ್.

ಬೇಜಾರಿಗೆ ರಿಫ್ರೆಶ್ ಕೀಲಿ ಒತ್ತುತ್ತ ಕೂತಿದ್ದ ನಿಶ್ಚಿತನ ಎದುರಲ್ಲಿ, ಸೊನ್ನೆ ಇದ್ದ ಜಾಗದಲ್ಲಿ ಒಂದು ಬಂತು.

“ಏನ್ ಮಾಡ್ದೆ?”

“ಗುದ್ದಿದೆ.”

“ಎಲ್ಲಿ?”

“ಅದ್ರ ಮೂತಿಗೆ.”

ಚೆಲುವರಾಜನು, ಕೈ ಮುರಿದರೆ ಮುರಿಯಲೆಂದು, ಹಾರವನ್ನು ಮೇಲಕ್ಕೆತ್ತಿದನು. ಹಾರದ ಹಿಂದೆ, ಸರ್ವರಿನ ಮುಖದಲ್ಲಿ, ಡಿಸ್ಕುಗಳು ಸಾಲಾಗಿ ಒಂದೊಂದು ಬೆರಳಗಲ ಹೊರಚಾಚಿ, ಅಣಕಿಸುವ ನಾಲಿಗೆಗಳಂತೆ ನಿಂತಿದ್ದವು. ಗುದ್ದು ಬಿದ್ದದ್ದು ಮಾತ್ರ ಒಳಗೆ ಕೂತು ಹಸಿರು ದೀಪ ಹಚ್ಚಿಕೊಂಡಿತ್ತು. ಒಂದೊಂದು ನಾಲಿಗೆಯ ನೆತ್ತಿಯ ಮೇಲೂ ಅರಿಸಿನ, ಅದರ ನಡುವೆ ಅಚ್ಚುಕಟ್ಟಾಗಿ ಒತ್ತಿದ ಕುಂಕುಮದ ಬೊಟ್ಟು.

ಬೊಟ್ಟಿಟ್ಟ ಬೆರಳು ಯಾರದೆಂದು ಚೆಲುವರಾಜನಿಗೆ ಕೂಡಲೇ ತಿಳಿಯಿತು. ಆ ಬೆರಳು ಈಗಲೂ ಅವನ ಕೈಯಲ್ಲೇ ಇತ್ತು. ಹಿಂದಿನ ದಿನ ಪೂಜೆಯ ಹೊತ್ತಿನಲ್ಲಿ, ಹೊರಗಿನ ಡಬ್ಬಕ್ಕೆ ಬೊಟ್ಟಿಟ್ಟರೆ ಒಳಗಿರುವವರಿಗೆ ತಲುಪುವುದಿಲ್ಲವೆಂದು ಶಾಸ್ತ್ರ ಹೇಳಿ, ಚಿಲಕ ಎತ್ತಿ ಒಂದೊಂದಾಗಿ ಡಿಸ್ಕನ್ನು ಹೊರಗೆಳೆದು, ಮದುಮಗಳನ್ನು ಸಿಂಗರಿಸುವಷ್ಟು ಶ್ರದ್ಧೆಯಿಂದ ಪೂಜಿಸಿದವನು ಅವನೇ. ಅಷ್ಟರಲ್ಲಿ ಕಡ್ಲೆಪುರಿ ಹಂಚಲು ಕರೆದಿದ್ದರು. ಭಕ್ತಿ ಅಲ್ಲಿಗೆ ನಿಂತಿತ್ತು.

“ಅಂದ್ರೆ ಬೆಳಿಗ್ಗೆಯಿಂದ...” ಎಂದನು ನಿಶ್ಚಿತ್.

“ಬಾಯ್ ಮುಚ್ಚು. ತಳ್ಳು.”

ಶತ್ರುಗಳಿಬ್ಬರೂ ಸೇರಿ ತಳ್ಳಿದರು. ಕಟಕ್, ಕಟಕ್, ಕಟಕ್ ಎಂದು ರಣಭೇರಿಯಂತೆ ಡಿಸ್ಕುಗಳು ಒಳಸೇರಿ, ಹಸಿರು ದೀಪಗಳು ದೀಪಾವಳಿ ಮಾಡಿದವು. ಗುಹೆಯೊಳಗೆ ಅವನ್ನೆಲ್ಲ ಒಟ್ಟುಗೂಡಿಸಿ, ಪೆನ್‌ಡ್ರೈವಿನಿಂದ ಮತ್ತೆ ಎಬ್ಬಿಸಿದಾಗ, ಲಿನಕ್ಸು ಏನೂ ನಡೆದೇ ಇಲ್ಲವೆಂಬಂತೆ ಡಿಸ್ಕುಗಳ ಮೇಲೆ ಹಾಸಿಗೆ ಬಿಚ್ಚಿ ಹಾಯಾಗಿ ನೆಲೆಸಿತು. ಬೆಳಗಿನಿಂದ ನಡೆದ ಮಹಾಯುದ್ಧಕ್ಕೆ ಬೇಕಾಗಿದ್ದದ್ದು ಒಂದು ಹೆಬ್ಬೆರಳು.

ಅದೇ ಹೊತ್ತಿಗೆ ದೇವೀರಮ್ಮ ಒಳಗೆ ಕಾಲಿಟ್ಟಳು. ಹಾರ ಇನ್ನೂ ಚೆಲುವರಾಜನ ಕೈಯಲ್ಲಿತ್ತು.

“ಹೂವ ಕಿತ್ತೋರ್ ಯಾರ್ಲಾ?”

“ಅಕ್ಕಾ, ಅದು ಬುಡಿ, ಮಿಷಿನ್ ಎದ್ದದೆ! ಕಾರ್ಡ್‌ಗೂ ಲಿನಕ್ಸ್‌ಗೂ ಮಾತು ನಿಂತೋಗಿತ್ತು ಕಣಕ್ಕ. ಭಾರೀ ಆಳದ್ ಸಮಸ್ಯೆ. ಬೆಂಗ್ಳೂರಲ್ಲೂ ಯಾರ್ಗೂ ಆಗ್ತಿರ್ಲಿಲ್ಲ. ನಾನು ಒಳಿಕ್ ಇಳ್ದು ರಾಜಿ ಮಾಡ್ಸಿವ್ನಿ.”

“ಗುದ್ದಿದ ಅತ್ತೆ,” ಎಂದನು ನಿಶ್ಚಿತ್. “ನಿನ್ನೆ ಡಿಸ್ಕ್ ಈಚೆಗೆಳೆದು ಕುಂಕುಮ ಇಟ್ಟೋನು ಇವ್ನೇ. ಒಳಗೆ ತಳ್ಳೋದು ಮರ್ತಿದ್ದ.”

ದೇವೀರಮ್ಮ ಇಬ್ಬರನ್ನೂ ಮೇಲಿಂದ ಕೆಳಗೆ ಅಳೆದಳು.

“ಇವ್ನು ಮರ್ತ, ಸರಿ. ನಿನ್ಗೆ ಕಣ್ಣಿರ್ಲಿಲ್ವಾ? ನೀನ್ ಓದಿರೋದು ಕಾರ್ಡ್ ತರ್ಸಕ್ಕಾ?” ಎಂದು ಅಳಿಯನಿಗೆ ಅಂದು, ಚೆಲುವರಾಜನ ಕೈಯಿಂದ ಹಾರ ಕಿತ್ತುಕೊಂಡಳು. “ಗುದ್ದೋ, ಒದ್ದೋ, ಓಡ್ಸಿದ್ ಇವ್ನು. ಮಾತು ಮಾತೇ. ಕುರ್ಚಿ ನಿಂದೇ, ಕುಂತ್ಕೊಳ್ಲಾ.”

ಚೆಲುವರಾಜನು ಬ್ಯಾಗನ್ನು ಕುರ್ಚಿಯ ಬೆನ್ನಿನಿಂದ ಎತ್ತಿ ನೆಲಕ್ಕಿಟ್ಟು ಕುಳಿತನು. ರೆಕ್ಸಿನ್ನು ನಿಟ್ಟುಸಿರುಬಿಟ್ಟಿತು. ಒಂದು ಸುತ್ತು ತಿರುಗಿದನು. ದಿಕ್ಕುಗಳೆಲ್ಲ ಬಂದು ನಮಸ್ಕರಿಸಿ ಹೋದವು. ಎಸಿಯ ತಂಗಾಳಿ ಚಾಮರ ಬೀಸಿತು. ಸಂಜೆಯ ಆರತಿಯ ಹೊತ್ತಿಗೆ ಚಾನೆಲ್ಲು ಆ ಸರ್ವರಿನಿಂದಲೇ ಓಡಿ, ಊರವರ ಹುಟ್ಟುಹಬ್ಬದ ಶುಭಾಶಯಗಳೂ ಸೀರೆ ಅಂಗಡಿಯ ಜಾಹೀರಾತುಗಳೂ ಮನೆಮನೆಗೆ ಹೊಳೆದವು. ಇನ್ನೊಂದು ಸುತ್ತು ತಿರುಗಿದನು.

ಆಗ ಫೋನು ಬಡಿಯಿತು. ದೇವೀರಮ್ಮ ಎತ್ತಿದಳು, ಕೇಳಿದಳು, ಇಟ್ಟಳು.

“ಲೋ ಚಲ್ವ, ಏಳು. ಕೋಟೆ ಬೀದೀಲಿ ಯಾರ್ ಮನೇಲೂ ಟೀವಿ ಬತ್ತಿಲ್ವಂತೆ. ಕಂಬ ನೋಡು.”

“ಅಕ್ಕಾ, ನಾನು ಇನ್‌ಚಾರ್ಜು. ಕಂಬಕ್ಕೆ ನಿಶ್ಚಿತ್ ಅಲ್ವಾ?”

“ಅವ್ನ್ಗೆ ಹತ್ತಕ್ ಬತ್ತದೇನ್ಲಾ? ಬಿದ್ದು ಕಾಲ್ ಮುರ್ಕಂಡ್ರೆ ಅವ್ರಪ್ಪನ್ಗೆ ನಾನೇನ್ ಹೇಳ್ಲಿ?”

ಚೆಲುವರಾಜನ ಅಪ್ಪನಿಗೆ ಏನು ಹೇಳಬೇಕೆಂಬ ಪ್ರಶ್ನೆ ಯಾವ ಯುಗದಲ್ಲೂ ಯಾರಿಗೂ ಹುಟ್ಟಿದ್ದಿಲ್ಲ.

“ಮತ್ತೆ ಇನ್‌ಚಾರ್ಜು ಅಂದ್ರಿ?”

“ಇನ್‌ಚಾರ್ಜು ನೀನೇ ಕಣ್ಲಾ, ಯಾರಿಲ್ಲ ಅಂದ್ರು? ಇನ್‌ಚಾರ್ಜ್ ಆಗೇ ಹತ್ತು.”

ಹೀಗೆ ಸರ್ವರ್‌ಮರ್ದನನೂ, ಕುರ್ಚಿವಿಜಯಿಯೂ, ಎಸಿವಾತಪುಳಕಿತಗಾತ್ರನೂ ಆದ ಚೆಲುವರಾಜನು ಕೋಟೆ ಬೀದಿಯ ಕಂಬವನ್ನು ಎಂದಿನಂತೆ ತಬ್ಬಿ ಏರಿದನು. ಕೆಳಗೆ ಬಿ.ಇ. ಪದವೀಧರನು ಅವನ ಚಪ್ಪಲಿ ಕಾಯುತ್ತ ನಿಂತನು. ಮೇಲೆ ತಂತಿ ತಿರುವುತ್ತ, ಎದುರು ಮನೆಯ ಕಿಟಕಿಗೆ ಕೇಳುವಂತೆ ವೀರನು ಕೂಗಿದನು:

“ಬಂತಾ ಅಕ್ಕಾ?”

ಕಿಟಕಿಯೊಳಗಿನಿಂದ ಹೆಂಗಸಿನ ದನಿ ಬಂತು.

“ಬಂತು... ಬಂತು... ಇರು ಇರು, ಅಲ್ಲೇ ಹಿಡ್ಕೊ... ಹೋಯ್ತು.”