ಇಪ್ಪತ್ತೆರಡು ಲಂಗೋಟಿಗಳ ಹವಾಮಾನ ವರದಿ

"ಇವತ್ತಿಂದ ಈ ಮನೆಯ ಗಾಳಿ ಖಾತೆ ನಂದು!" ಎಂದು ಮೈಲಿನ್ ಘೋಷಿಸಿದಾಗ, ಒಣಮೀನು ಕಚ್ಚುತ್ತಿದ್ದ ಗಂಡ ನೋನೋಯ್ ಬಾಯಿ ಮುಚ್ಚುವುದನ್ನೇ ಮರೆತ.

ಘೋಷಣೆಗೆ ಆಧಾರವಿತ್ತು. ಫೋನು ಹೇಳಿದ ಗಾಳಿಯನ್ನೂ ನಿಜಕ್ಕೂ ಬೀಸಿದ ಗಾಳಿಯನ್ನೂ ತಿಂಗಳಿಡೀ ಡೈರಿಯಲ್ಲಿ ಬರೆದಿಟ್ಟಿದ್ದಳು. ಮೂವತ್ತು ದಿನದಲ್ಲಿ ನಾಲ್ಕೇ ತಪ್ಪು! ಅತ್ತೆ ಪುರಿಂಗ್ ಮಾತ್ರ ಫೋನಿನತ್ತ ಕಣ್ಣೆತ್ತಿಯೂ ನೋಡುವವರಲ್ಲ. ಕಿಟಕಿಯಿಂದ ಕೊಲ್ಲಿಯ ಆಚೆ ದಡದ ಬಗಾಕಾಯ್ ಊರನ್ನೊಮ್ಮೆ ದಿಟ್ಟಿಸಿ, "ದೋಣಿ ಇಳಿಸಿ" ಅಥವಾ "ಬೇಡ" ಎನ್ನುವರು. ಅಷ್ಟೇ! ಆ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಆ ಭಾನುವಾರ ಮಗಳ ಜ್ಞಾನಸ್ನಾನ. ಅಪರೂಪಕ್ಕೆ ಬರುವ ಫಾದರ್ ಅಂದು ಆಚೆ ಬಗಾಕಾಯ್ ಊರಿನ ಚರ್ಚಿನಲ್ಲಿದ್ದರು. ಹನ್ನೊಂದಕ್ಕೆ ಹೊರಟರೆಂದರೆ ಮತ್ತೆ ಅವರ ದರ್ಶನ ಕ್ರಿಸ್‌ಮಸ್ಸಿಗೇ. ಹುಟ್ಟು ಹಾಕಿದರೆ ಅರ್ಧ ಗಂಟೆಯ ದಾರಿ.

ಬೆಳಗ್ಗೆ ಆರಕ್ಕೆ ಫೋನು ಕೂಗಿತು: ಏಳಕ್ಕೆ ಜೋರು ಗಾಳಿ, ಸಣ್ಣ ದೋಣಿ ಇಳಿಸಬೇಡಿ!

ಮೈಲಿನ್ ಹೊರಗೋಡಿ, ಹಗ್ಗದ ಮೇಲಿದ್ದ ಮಗುವಿನ ಇಪ್ಪತ್ತೆರಡು ಲಂಗೋಟಿಗಳನ್ನೂ ಬಾಚಿ ತಂದಳು.

"ಒಂದೆಲೇನೂ ಅಲ್ಲಾಡ್ತಿಲ್ಲ ಕಣೇ!" ಎಂದ ನೋನೋಯ್.

"ಬಿರುಗಾಳಿಗೆ ಮುಂಚೆ ಹಾಗೇ ರೀ. ಮಗೂನ ಎತ್ಕೊಂಡು ಮುಳುಗೋದಾ?"

ಹಂದಿಗೆ ಮೇವು ಹಾಕಿ ಬಂದ ಅತ್ತೆ ಕಿಟಕಿಯಲ್ಲಿ ನಿಂತರು. ಮುಖ ಬಿಗಿಯಿತು. "ನೋನೋಯ್, ದೋಣಿ ಎಳೆದು ಕಟ್ಟೋ!"

ಫೋನೂ ಅತ್ತೆಯೂ ಒಂದೇ ಮಾತು! ಮೈಲಿನ್ ಎರಡಂಗುಲ ಬೆಳೆದಳು. ಪುರಿಂಗಮ್ಮ ದೋಣಿ ಕಟ್ಟಿಸಿದರೆಂದು ಊರೂ ಕಟ್ಟಿತು.

ಏಳಾಯಿತು. ಎಂಟು, ಒಂಬತ್ತು. ಕಡಲು ತಟ್ಟೆಯಲ್ಲಿಟ್ಟ ಎಣ್ಣೆ! ಆಚೆ ಊರಿನ ಕೋಳಿ ಕೂಗಿದ್ದು ಈಚೆ ಕೇಳಿಸುವಷ್ಟು ನಿಶ್ಶಬ್ದ. ಬಿಳಿ ಅಂಗಿ ತೊಟ್ಟ ಮಗು ಎರಡು ಸಲ ನಿದ್ದೆ ಮಾಡಿ ಎದ್ದಿತು.

ಹತ್ತೂವರೆಗೆ ಆಚೆಯಿಂದ ಒಂದು ದೋಣಿ. ಹುಟ್ಟು ಹಾಕುತ್ತಿದ್ದವಳು ಮಗುವಿನ ಧರ್ಮಮಾತೆ ಕ್ಲೇರಿಂಗ್. ಮುಂದೆ ಮಳೆಕೋಟು ತೊಟ್ಟು, ಜೀವ ಕೈಲಿ ಹಿಡಿದು ಕುಳಿತಿದ್ದವರು ಫಾದರ್!

"ಎಲ್ರೀ ಗಾಳಿ? ಆರು ಗಂಟೆಯಿಂದ ದೋಣಿ ಕಟ್ಕೊಂಡು ಕೂತಿದೀವಿ!" ಎಂದಳು ಕ್ಲೇರಿಂಗ್.

"ನೀವೇ ಅಲ್ವೇನೇ ಬಟ್ಟೆ ತೆಗೆದಿದ್ದು? ನಿಮ್ಮೂರ ಹಗ್ಗ ಖಾಲಿಯಾಗಿದ್ದು ನೋಡಿ ನಾನು ದೋಣಿ ಕಟ್ಟಿಸ್ದೆ!" ಎಂದರು ಅತ್ತೆ.

"ನಿಮ್ಮನೆ ಲಂಗೋಟಿ ಮಾಯವಾಗಿದ್ದು ನೋಡಿ ತಾನೇ ಪುರಿಂಗಕ್ಕಾ ನಾವು ತೆಗೆದಿದ್ದು! ನಿಮ್ಮ ಕಡೆ ಗಾಳಿ ಎದ್ದಿರಬೇಕು ಅಂತ!"

ಎಲ್ಲರೂ ಮೈಲಿನ್ ಕಡೆ ತಿರುಗಿದರು. ಮಗುವೂ!

ಜ್ಞಾನಸ್ನಾನ ದಡದಲ್ಲೇ ನಡೆಯಿತು. ಮುಗಿದೊಡನೆ ಅತ್ತೆ ಲಂಗೋಟಿ ಬುಟ್ಟಿಯನ್ನು ಸೊಸೆಯ ಕೈಗಿಟ್ಟರು. "ಹೋಗಿ ಒಣಹಾಕಮ್ಮ. ಇಲ್ಲದಿದ್ರೆ ಯಾರೂ ಮೀನಿಗೆ ಇಳಿಯಲ್ಲ, ಎರಡೂರೂ ಉಪವಾಸ."

ಮೈಲಿನ್ ಒಂದು ಲಂಗೋಟಿ ಹರವಿದಳು. ಆಚೆ ದಡದಲ್ಲಿ ಒಂದು ಬಿಳಿ ಚುಕ್ಕೆ ಮೂಡಿತು. ಮತ್ತೊಂದು ಹರವಿದಳು. ಅಲ್ಲಿ ಹತ್ತು, ಇಪ್ಪತ್ತು, ಊರಿಗೆ ಊರೇ ಅರಳಿತು! ಮೈಲಿನ್ ಹಗ್ಗ ಹಿಡಿದುಕೊಂಡೇ ನಿಂತುಬಿಟ್ಟಳು. ಇಷ್ಟು ದಿನ ಅದನ್ನು ಬರೀ ಒಗೆದ ಬಟ್ಟೆ ಅಂದುಕೊಂಡಿದ್ದಳಲ್ಲ!

ಕೂಡಲೇ ಎರಡೂ ದಡಗಳಿಂದ ದೋಣಿಗಳು ಇಳಿದವು.

ಸಂಜೆ ಡೈರಿ ತೆರೆದು ಬರೆದಳು: "ಫೋನು: ತಪ್ಪು. ಅತ್ತೆ: ಮೊಟ್ಟಮೊದಲ ಸಲ ತಪ್ಪು. ಕಾರಣ: ಗಾಳಿ ಖಾತೆ ಸಚಿವೆ."