ಮೆಟ್ಟಿಲ ಮೇಲಿನ ಹಕ್ಕು

ತಮಿಳು ಸೀಮೆಯ ತೇನಿಯಲ್ಲಿ ಆ ನಾಲ್ಕು ಮಹಡಿಯ ಅಪಾರ್ಟ್‌ಮೆಂಟಿಗೆ ಯಾರು ಬೇಕಾದರೂ ನುಗ್ಗಬಹುದು, ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ತಿನ್ನಬಹುದು, ಸಿಪ್ಪೆ ಬಿಟ್ಟು ಹೋಗಬಹುದು. ಇದು ಪೆರುಮಾಳರ ಬಹುಕಾಲದ ಸಂಕಟ. ಸಂಘದ ಕಾರ್ಯದರ್ಶಿಯಾದ ಮರುದಿನವೇ ಅವರು ಲಿಫ್ಟಿನೊಳಗೆ ಒಂದು ಶಾಸನ ಅಂಟಿಸಿದರು: ಅಪರಿಚಿತರು ಕಂಡರೆ ಯಾರು, ಯಾವ ಮನೆಗೆ ಎಂದು ಕೇಳುವ ಹಕ್ಕು ನಿವಾಸಿಗಳಿಗಿದೆ, ಸಂದೇಹ ಬಂದರೆ ಕಾವಲುಗಾರನನ್ನು ಕರೆಯಬೇಕು, ಮೈ ಮುಟ್ಟುವ, ಚೀಲ ತಡಕುವ ಹಕ್ಕು ಯಾರಿಗೂ ಇಲ್ಲ. (ಕೊನೆಯ ಸಾಲು ಹೆಂಡತಿ ಗೋಮತಿ ಬರೆಸಿದ್ದು. ಗಂಡನ ಕೈ ಸುಮ್ಮನಿರುವುದಿಲ್ಲವೆಂದು ಆಕೆಗೆ ಗೊತ್ತು.)

ಆ ವಾರ ಮನೆಯಲ್ಲಿ ಬೇರೆ ಆತಂಕವೂ ಇತ್ತು. ಮಗ ವಿಮಲ್‌ಗೆ ಮೂವತ್ತಮೂರು. ಮೂರು ಸಂಬಂಧ ಮುರಿದಿದ್ದವು. ನಾಲ್ಕನೆಯದು ಹನುಮಂತನಪಟ್ಟಿಯ ತೇನ್‌ಮೊಳಿ. ಫೋಟೋ ನೋಡಿದಾಗಿನಿಂದ ಹುಡುಗ ಊಟ ಮರೆತಿದ್ದ. ಮಾತು ಕೊಡುವ ಮೊದಲು ಹೆಣ್ಣಿನ ಕಡೆಯ ಹಿರಿಯನೊಬ್ಬ ಹೇಳದೆ ಕೇಳದೆ ಬಂದು ಗಂಡಿನ ಮನೆ ನೋಡಿ ಹೋಗುವುದು ಅವರಲ್ಲಿ ಪದ್ಧತಿ. ಪೆರುಮಾಳರೇ ಹಾಗೆ ನಾಲ್ಕು ಮನೆ ನೋಡಿ ಬಂದವರು. ಆದರೆ ಅಧಿಕಾರ ನೆತ್ತಿಗೇರಿದವನಿಗೆ ಪದ್ಧತಿ ಎಲ್ಲಿ ನೆನಪಿರುತ್ತದೆ?

ಭಾನುವಾರ ಬೆಳಿಗ್ಗೆ ಅವರ ಬಾಗಿಲಿನ ಮುಂದೆ ಬಿಳಿ ಮೀಸೆಯ ಹಿರಿಯರೊಬ್ಬರು ಚಪ್ಪಲಿಗಳನ್ನು ಎಣಿಸುತ್ತ ನಿಂತಿದ್ದರು.

"ಯಾರು ನೀವು? ಯಾವ ಮನೆಗೆ?" ಮೆಟ್ಟಿಲೇರಿ ಬಂದ ಪೆರುಮಾಳರು ತಮಿಳಿನಲ್ಲಿ ಗುಡುಗಿದರು.

"ಸುಮ್ಮನೆ ನೋಡೋಣಾಂತ ಬಂದೆ," ಹಿರಿಯರೂ ತಮಿಳಿನಲ್ಲೇ ಅಂದರು.

"ಸುಮ್ಮನೆ ನೋಡಲು ಇದೇನು ವೈಗೈ ಅಣೆಕಟ್ಟೆಯೇ? ಚೀಲ ತೆಗೀರಿ!" ಎಂದವರೇ ಚೀಲಕ್ಕೆ ಕೈ ಹಾಕಿದರು.

ಹಿರಿಯರು ಬಿಡಲಿಲ್ಲ. "ಕೇಳಲು ಹಕ್ಕಿದೆ, ಮುಟ್ಟಲು ಇಲ್ಲ. ನಿಮ್ಮ ಲಿಫ್ಟಿನಲ್ಲೇ ಓದಿದೆ."

ಗದ್ದಲಕ್ಕೆ ಗೋಮತಿ ಹೊರಗೆ ಬಂದಳು. ಪರರ ಮುಂದೆ ಗಂಡನನ್ನು ಬೈಯಲು ಆಕೆ ಬಳಸುವುದು ತಮಿಳು ಬೆರೆತ ಮನೆಮಾತು ಕನ್ನಡವನ್ನೇ. ಕಟ್ಟಡದಲ್ಲಿ ಬೇರೆ ಯಾರಿಗೂ ಅದು ತಿಳಿಯದು. ಬೈದ ಹಾಗೂ ಆಯಿತು, ಮಾನ ಉಳಿದ ಹಾಗೂ ಆಯಿತು.

"ಏಂಗ! ಪೆರಿಯೋರ ಚೀಲ ಬುಡಿ ಮದ್ಲು! ಇಡ್ಲಿಗೆ ರುಬ್ತೀನಂತ ಎದ್ದೋರು, ಗ್ರೈಂಡರ್ ಓಡ್ತಾ ಬುಟ್ಟು ಇಲ್ಲಿ ಪೊಲೀಸ್ ಕೆಲ್ಸ ಮಾಡ್ತಾವ್ರೆ! ಮನ್ನಿಪ್ಪು ಕೇಳಿ, ಒಳೀಕ್ ಬನ್ನಿ. ಬಟ್ಟೆ ಬೇರೆ ಒಣಾಕ್ಬೇಕು!"

"ಸರಿ ಅಮ್ಮಣಿ, ಬತ್ತೀನಿ, ಬತ್ತೀನಿ." ಗುಡುಗು ಪಿಸುಮಾತಾಯಿತು. ಪೆರುಮಾಳರು ಚೀಲ ಬಿಟ್ಟು ಕೈಮುಗಿದರು.

"ಮದ್ಲು ಓಗಿ ಗ್ರೈಂಡರ್ ನಿಲ್ಸಿ, ಸುಟ್ಟೋದಾತು," ಅಂದರು ಹಿರಿಯರು, ಅಚ್ಚ ಮನೆಮಾತಿನಲ್ಲಿ. "ನಾನು ಪಾಂಡಿಯರಾಜನ್. ತೇನ್‌ಮೊಳಿ ಸೋದರಮಾವ."

ಪೆರುಮಾಳರು ಹಿರಿಯರನ್ನು ಒಳಗೆ ಕೂರಿಸಿ ಗ್ರೈಂಡರ್ ನಿಲ್ಲಿಸಲು ಓಡಿದರು. ನಾಲ್ಕನೇ ಸಂಬಂಧಕ್ಕೂ ತಾನೇ ಎಳ್ಳುನೀರು ಬಿಟ್ಟೆನಲ್ಲ! ಒಳಗೆ ವಿಮಲ್ ತಲೆಯ ಮೇಲೆ ಕೈ ಹೊತ್ತು ಕೂತ.

ಪಾಂಡಿಯರಾಜನ್ ಸಾವಕಾಶವಾಗಿ ಕಾಫಿ ಕುಡಿದರು. ಆಮೇಲೆ ಎಲ್ಲರ ಎದುರಿಗೇ ತಂಗಿಗೆ ಫೋನ್ ಮಾಡಿದರು. "ದೈರ್ಯವಾಗಿ ಎಣ್ಣು ಕೊಡು ತಾಯಿ. ಈ ಮನೇಲಿ ಎಂಗಸ್ರ ಮಾತೇ ನಡೀತದೆ. ಗಂಡ ಬಾಗ್ಲಾಚೆ ಉಲಿ, ಎಂಡ್ತಿ ಕೂಗಿದ್ರೆ ಇಟ್ಟು ರುಬ್ತಾನೆ. ನಮ್ಮ ಕೂಸು ರಾಣಿ ಅಂಗಿರ್ತಾಳೆ."

ಪೆರುಮಾಳರಿಗೆ ಹೋದ ಜೀವ ಬಂದಂತಾಯಿತು. ಮಾನ ಹೋದದ್ದು ನಿಜ. ಸೊಸೆ ಬರುತ್ತಾಳಲ್ಲ, ಅಷ್ಟು ಸಾಕು.

"ಮಾಪ್ಳೆಗೂ ರುಬ್ಬಾಕ್ ಬತ್ತದಾ?" ಪಾಂಡಿಯರಾಜನ್ ಮದುವೆ ಗಂಡಿನ ಕಡೆ ತಿರುಗಿ ಕೇಳಿದರು.

"ಕಲ್ತುಕತೀನಿ ಮಾಮಾ!" ವಿಮಲ್ ಎದ್ದು ನಿಂತ. "ಅಪ್ಪಾ, ವಾಂಗ, ಬಂದು ತೋರ್ಸಿ!"

ಕಾರ್ಯದರ್ಶಿಗಳು ಪಂಚೆ ಎತ್ತಿ ಕಟ್ಟಿದರು. ಮೆಟ್ಟಿಲಲ್ಲಿ ಹೋಗಿ ಬರುವವರು ಯಾರು ಬೇಕಾದರೂ ನೋಡಿಕೊಳ್ಳಲಿ ಎಂದು ಬಾಗಿಲನ್ನು ಹಾರು ಹೊಡೆದು, ನೆಮ್ಮದಿಯಿಂದ ಗ್ರೈಂಡರಿನ ಮುಂದೆ ಕೂತರು.