ಹೊಟ್ಟೆಯೊಳಗಿನ ಪಾಲು

ನಿಪ್ಪಾಣಿ ಸುತ್ತಲಿನ ಹಳ್ಳಿಗಳಲ್ಲಿ ನಾನು ನರ್ಸ್ ಆಗಿ ಕೆಲಸ ಮಾಡಿದವಳು. ಹೆರಿಗೆ ವಾರ್ಡಿನಲ್ಲಿ ಅಳು ಎಷ್ಟೋ ನಗುವೂ ಅಷ್ಟೇ. ಅವಳಿ ಕೂಸುಗಳಿದ್ದರೆ ಎರಡೂ ದುಪ್ಪಟ್ಟು. ಬೋರಗಾಂವದ ಒಂದು ಮನೆಯವರಂತೂ ಇವತ್ತಿನವರೆಗೂ ನನಗೆ ನಗುವಿನ ಕೊರತೆ ಮಾಡಿಲ್ಲ.

೧. ತಾಟು ಒಂದ, ಉಣ್ಣಾವ್ರು ಇಬ್ರು

ಆ ಮನೆಯವರದು ಮಗ್ಗದ ಕೆಲಸ. ಬಸುರಿ ಸೊಸೆಯನ್ನು ಸ್ಕ್ಯಾನಿಗೆ ಕರೆದೊಯ್ದಾಗ ಅವಳ ಅತ್ತೆಯ ಜೊತೆ ನಾನೂ ಹೋಗಿದ್ದೆ. ಡಾಕ್ಟರು ಹೇಳಿದರು: "ಅವಳಿ ಅದಾವ. ಇಬ್ಬರಿಗೂ ರಕ್ತ ಕೊಡೂ ಮಾಸು ಒಂದ. ಒಂದಕ್ಕ ರಕ್ತ ಹೆಚ್ಚು ಹೊಂಟೈತಿ, ಇನ್ನೊಂದಕ್ಕ ಕಡಿಮಿ. ಸಣ್ಣದು ಉಳೀಬೇಕಂದ್ರ ತಪ್ಪದ ಬಂದು ತೋರಿಸ್ರಿ."

ಅತ್ತೆ ಸ್ವಲ್ಪ ಯೋಚಿಸಿ, ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟು ಗದರಿದಳು: "ಏ ದೊಡ್ಡದ, ಅದಕ್ಕೂ ಒಂದೀಟ ಬಿಡ!"

ಒಳಗಿಂದ ಜೋರಾಗಿ ಒದೆ ಬಿತ್ತು. ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡಳು.

"ನೋಡ್ರಿ ಡಾಕ್ಟರ, ಇನ್ನೂ ಹೊರಗ ಬಂದಿಲ್ಲ, ಆಗಲೇ ಎದುರ ಮಾತಾಡ್ತೈತಿ."

೨. ಕಾವು

ಹುಟ್ಟಿದ್ದು ಎರಡು ಹೆಣ್ಣು. ದೊಡ್ಡಾಕಿ ದುಂಡಗಿದ್ದಳು. ಸಣ್ಣಾಕಿ ಅಳಿಲಿನ ಮರಿಯಂತಿದ್ದಳು. ಮೈ ಬೆಚ್ಚಗೇ ನಿಲ್ಲುತ್ತಿರಲಿಲ್ಲ. ಎದೆಗೆ ಎದೆ ಹಚ್ಚಿ ಇಟ್ಟುಕೊಳ್ಳಬೇಕಿತ್ತು. ತಾಯಿಗೆ ಆಪರೇಶನ್ ಆಗಿ ಸುಸ್ತಾಗಿತ್ತು. ನಾನು ಕೂಸುಗಳ ಅಪ್ಪನನ್ನು ಕರೆದೆ.

"ಅಂಗಿ ತೆಗೀರಿ."

"ನಾನೇನ್ರಿ, ನರ್ಸ್ ಬಾಯಾರ? ಇಷ್ಟು ಹೆಣ್ಮಕ್ಕಳ ಮುಂದ?"

"ಕೂಸು ಉಳೀಬೇಕೋ ಬ್ಯಾಡೋ?"

ಅಂಗಿ ತೆಗೆದ. ಕೂಸನ್ನು ಎದೆಗಿಟ್ಟು ಮೇಲೊಂದು ಚಾದರ ಹೊದಿಸಿದೆ. ಮಗ್ಗದ ಸದ್ದಿನಲ್ಲಿ ಕೂಗಿಯೇ ಮಾತಾಡಿ ಅಭ್ಯಾಸವಿದ್ದ ಮನುಷ್ಯ ಉಸಿರನ್ನೂ ಮೆಲ್ಲಗೆ ಬಿಡತೊಡಗಿದ. ಒಂದೆರಡು ಸಲ ಅವನ ಕಣ್ಣು ತುಂಬಿದ್ದನ್ನು ನೋಡಿದೆ, ನೋಡದವಳಂತೆ ಹೋದೆ. ಹಾಗೇ ದಿನಗಟ್ಟಲೆ ಕೂತ.

ಮಾತಾಡಿಸಲು ಬಂದ ಗೆಳೆಯ ಅವನ ಅವತಾರ ಕಂಡು ಗಾಬರಿಯಾದ. "ಯಾಕೋ, ಎದಿನೋವೇನ?"

"ಇಲ್ಲಪಾ," ಇವನು ಅಲುಗಾಡದೆ ಪಿಸುಗುಟ್ಟಿದ, "ಕಾವಿಗಿ ಕುಂತೀನಿ."

೩. ದೊಡ್ಡಾಕಿಯ ಫಿರ್ಯಾದು

ಸಣ್ಣಾಕಿ ಉಳಿದಳು. ಆದರೆ ಮನೆಯಲ್ಲಿ ಏನೇ ಆದರೂ ಕಾರಣ ಹೊಟ್ಟೆಯೊಳಗೇ ಸಿಗುತ್ತಿತ್ತು. ಸಣ್ಣಾಕಿಗೆ ಮಗ್ಗಿ ಬರಲಿಲ್ಲವೆಂದರೆ "ಹೊಟ್ಯಾಗ ರಕ್ತ ಸಾಲಿಲ್ಲರಿ" ಎನ್ನುತ್ತಿದ್ದಳು ತಾಯಿ. ದೊಡ್ಡಾಕಿಗೆ ಬರಲಿಲ್ಲವೆಂದರೆ "ರಕ್ತ ಹೆಚ್ಚಾಗಿ ತಲಿ ಜಡ ಆಗೇತ್ರಿ." ಹಣ್ಣು ಹೆಚ್ಚಿದರೆ ದೊಡ್ಡ ಹೋಳು ಸಣ್ಣಾಕಿಗೇ.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಮ್ಮೆ ದೊಡ್ಡಾಕಿ ಅಳುತ್ತ ನನ್ನ ಆಸ್ಪತ್ರೆಗೇ ಬಂದಳು. "ಬಾಯಾರ, ಅವ್ವನ ಹೊಟ್ಯಾಗ ನಾ ಬೇಕಂತ ತಿಂದೇನ್ರಿ?"

"ಇಲ್ಲವ್ವಾ. ಅದು ಯಾರ ಕೈಯಾಗಿಂದೂ ಅಲ್ಲ."

"ಮತ್ತ ಇನ್ನೂ ಎಷ್ಟ ದಿನಾ ನನಗ ಸಣ್ಣ ಹೋಳು?"

ಅವಳ ಹಿಂದೆ ಮಾವಿನಹಣ್ಣು ಚೀಪುತ್ತ ನಿಂತಿದ್ದ ಸಣ್ಣಾಕಿ ಶಾಂತವಾಗಿ ಹೇಳಿದಳು: "ಇನ್ನೂ ಭಾಳ ಐತಿ."

೪. ಪಾಲು ಕೇಳಾಕ ಯಾರಿದ್ರು?

ಈಗ ಇಬ್ಬರೂ ಚಿಕ್ಕೋಡಿಯಲ್ಲಿ ಕಾಲೇಜು ಓದುತ್ತಾರೆ. ಮೊನ್ನೆ ಅಲ್ಲಿನ ಡಾಕ್ಟರೊಬ್ಬರು ಸಣ್ಣಾಕಿಗೆ, "ಹುಟ್ಟಾಗ ಭಾಳ ಸಣ್ಣ ಇದ್ದವರಿಗೆ ಮುಂದ ಸಕ್ಕರಿ ಕಾಯಿಲೆ ಬರೂ ಸಂಭವ ಸ್ವಲ್ಪ ಹೆಚ್ಚು. ಬಂದ ಬರ್ತೈತಿ ಅಂತಲ್ಲ, ಆಗಾಗ ತಪಾಸ ಮಾಡಿಸ್ರಿ," ಎಂದರು. ಮನೆಯವರೆಲ್ಲ ಹೆದರಿ ಜೀಪು ಮಾಡಿಕೊಂಡು ತಪಾಸಿಗೆಂದು ಅವರಲ್ಲಿಗೇ ಹೊರಟರು. ಧೈರ್ಯಕ್ಕೆ ನಾನು.

ಇಬ್ಬರು ಹುಡುಗಿಯರಿಗೂ ಏನೂ ಇರಲಿಲ್ಲ. ತಾಯಿ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ಅತ್ತಳು. ಖುಷಿಯಲ್ಲಿ ಅಪ್ಪನೂ, "ನಂದೂ ನೋಡ್ರಿ," ಎಂದು ಬೆರಳು ಚಾಚಿದ. ಅವನ ಸಕ್ಕರೆ ಮಾತ್ರ ಮೇಲೇರಿತ್ತು.

ಡಾಕ್ಟರು ಕೇಳಿದರು: "ಸಿಹಿ ಭಾಳ ತಿಂತೀರೇನು?"

"ಛೇ, ಇಲ್ಲರಿ!" ಅಪ್ಪ ಹುಡುಗಿಯರ ಕಡೆ ನೋಡಿದ. "ನೀವ ಹೇಳಿದ್ರಲ್ಲರಿ ಡಾಕ್ಟರ, ಎಲ್ಲಾ ಹೊಟ್ಯಾಗಿಂದ ಬರ್ತೈತಂತ. ಹೊಟ್ಯಾಗಿದ್ದಾಗ ನನಗೂ ಪಾಲು ಕಡಿಮಿ ಬಿದ್ದಿರಬೇಕು."

ಬಾಗಿಲ ಬಳಿ ಕೂತಿದ್ದ ಅವನ ತಾಯಿ ಕೋಲೂರಿ ಎದ್ದು ನಿಂತಳು.

"ಲೇ, ನನ್ನ ಹೊಟ್ಯಾಗ ನೀನೊಬ್ಬನ ಇದ್ದಿ. ಪಾಲು ಕೇಳಾಕ ಮತ್ಯಾರಿದ್ರಲೇ?"